ಲಡ್ಲೋದ ಡೇರೆಗಳು

1914ರ ಏಪ್ರಿಲ್ 20. ಅಮೆರಿಕದ ಕೊಲೊರಾಡೊ ರಾಜ್ಯದ ಲಡ್ಲೋ ಎಂಬಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಡೇರೆಗಳು ಹೊತ್ತಿ ಉರಿದವು. ಗುಂಡಿನ ದಾಳಿಗೆ ಹೆದರಿ ಡೇರೆಯೊಂದರ ಅಡಿಯ ಗುಂಡಿಯಲ್ಲಿ ಅಡಗಿದ್ದವರ ಪೈಕಿ 2 ಮಹಿಳೆಯರು ಮತ್ತು 11 ಮಕ್ಕಳು ಉಸಿರುಗಟ್ಟಿ ಸತ್ತರು.

ಇವರು ಮಾಡಿದ ಅಪರಾಧವಾದರೂ ಏನು? 1913ರ ಸೆಪ್ಟೆಂಬರ್‌ನಲ್ಲಿ ಮುಷ್ಕರ ಹೂಡಿದ ಕಾರ್ಮಿಕರನ್ನು ಕಂಪೆನಿಯ ಮನೆಗಳಿಂದ ಹೊರದಬ್ಬಲಾಗಿತ್ತು. ಗ್ರೀಸ್, ಇಟಲಿ, ಮೆಕ್ಸಿಕೊ ಮುಂತಾದೆಡೆಗಳಿಂದ ಬಂದವರೂ ಸೇರಿ ಸುಮಾರು 1,200 ಮಂದಿ ಚಳಿಗಾಲವನ್ನು ಡೇರೆಗಳಲ್ಲೇ ಕಳೆದರು. ಸಂಘಕ್ಕೆ ಮಾನ್ಯತೆ, 8 ಗಂಟೆಯ ದುಡಿಮೆ, ತೆಗೆದ ಕಲ್ಲಿದ್ದಲಿಗೆ ಸರಿಯಾದ ತೂಕ, ಇಷ್ಟವಾದ ಅಂಗಡಿಯಲ್ಲಿ ಕೊಳ್ಳುವ ಸ್ವಾತಂತ್ರ್ಯ- ಇವು ಅವರ ಬೇಡಿಕೆಗಳು. ಇವುಗಳಲ್ಲಿ ಹಲವು ಆ ರಾಜ್ಯದ ಕಾನೂನಿನಲ್ಲಿ ಅದಾಗಲೇ ಇದ್ದವು!

ಕಾನೂನು ಜಾರಿಗೊಳಿಸಿ ಎಂದವರ ಮೇಲೆ ರಾಜ್ಯದ ಸೇನೆಯೇ ಎರಗಿತು. ಸೇನೆಯ ಸಮವಸ್ತ್ರ ತೊಟ್ಟವರಲ್ಲಿ ಗಣಿಯ ಕಾವಲುಗಾರರೂ ಇದ್ದರು. ಅಲ್ಲಿನ ಅತಿದೊಡ್ಡ ಕಂಪೆನಿ ರಾಕ್‌ಫೆಲ್ಲರ್ ಕುಟುಂಬದ ಹಿಡಿತದಲ್ಲಿತ್ತು. ಕಾರ್ಮಿಕ ನಾಯಕ ಲೂಯಿಸ್ ಟಿಕಾಸ್‌ರನ್ನು ಸೆರೆಹಿಡಿದು ಕೊಲ್ಲಲಾಯಿತು. ರೊಚ್ಚಿಗೆದ್ದ ಕಾರ್ಮಿಕರೂ ಬಂದೂಕು ಹಿಡಿದು ಹತ್ತು ದಿನ ಗಣಿಗಳ ಮೇಲೆ ದಾಳಿ ನಡೆಸಿದರು. ಕೊನೆಗೆ ಅಧ್ಯಕ್ಷ ವಿಲ್ಸನ್ ಕೇಂದ್ರ ಸೇನೆಯನ್ನು ಕಳುಹಿಸಬೇಕಾಯಿತು.

ಡಿಸೆಂಬರ್‌ನಲ್ಲಿ ಮುಷ್ಕರ ಸೋತಿತು. ಡೇರೆಗಳ ಮೇಲೆರಗಿದ ಸೈನಿಕರಲ್ಲಿ ಯಾರೂ ಜೈಲು ಸೇರಲಿಲ್ಲ. ಸಂಘ ಕಟ್ಟುವ ಹಕ್ಕಿಗೆ ದೇಶದ ಕಾನೂನಿನ ಬಲ ದೊರೆತದ್ದು 1935ರಲ್ಲಿ. ಆ 11 ಮಕ್ಕಳು ಬದುಕಿರುತ್ತಿದ್ದರೆ ಅಷ್ಟರಲ್ಲಿ ದುಡಿಯುವ ವಯಸ್ಸಿಗೆ ಬಂದಿರುತ್ತಿದ್ದರು.