ಕಾಶಿಯ ಮದ್ಯ, ಅಮೆಜಾನಿನ ಬಾಣ

ಸುಶ್ರುತ ಸಂಹಿತೆಯ ಗುರು ಕಾಶಿರಾಜ ದಿವೋದಾಸ ಧನ್ವಂತರಿ. ಅವನ ಕಾಶಿಯೇ ಇಂದಿನ ವಾರಾಣಸಿ. ಶಸ್ತ್ರಕರ್ಮಕ್ಕೆ ಮೊದಲು ರೋಗಿಗೆ ಇಷ್ಟದ ಊಟ ಕೊಡಿ, ಕುಡಿಯುವ ರೂಢಿ ಇದ್ದವನಿಗೆ ತೀಕ್ಷ್ಣ ಮದ್ಯ ಕುಡಿಸಿ, ಪೂರ್ವಕ್ಕೆ ಮುಖಮಾಡಿ ಕೂರಿಸಿ ಅಲುಗಾಡದಂತೆ ಬಂಧಿಸಿ ಎನ್ನುತ್ತದೆ ಆ ಗ್ರಂಥ. ನೋವಿಗೆ ಮದ್ಯ, ಸೆಟೆಯುವ ಮೈಗೆ ಕಟ್ಟು.

ಆ ಕಟ್ಟಿಗೆ ಬದಲಿ ಸಿಕ್ಕಿದ್ದು 1942ರ ಜನವರಿ 23ರಂದು, ಕೆನಡಾದ ಮಾಂಟ್ರಿಯಲ್‌ನಲ್ಲಿ. ಅಮೆಜಾನ್ ಕಾಡಿನ ಬೇಟೆಗಾರರು ಬಾಣಕ್ಕೆ ಸವರುವ ಕ್ಯುರಾರೆ ವಿಷದ ಶುದ್ಧೀಕರಿಸಿದ ಸಾರವನ್ನು ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅಪೆಂಡಿಕ್ಸ್ ರೋಗಿಯೊಬ್ಬನಿಗೆ ಅರಿವಳಿಕೆಯ ಜೊತೆ ಚುಚ್ಚಿದರು. ನರದ ಆಜ್ಞೆ ಸ್ನಾಯುವನ್ನು ಮುಟ್ಟುವ ಜಾಗದಲ್ಲೇ ಅದು ಅಡ್ಡ ನಿಲ್ಲುತ್ತದೆ. ಡೋಸ್ ಹೆಚ್ಚಾದರೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಉಸಿರನ್ನು ವೈದ್ಯರೇ ಕೊಡಬೇಕು. ಎಚ್ಚರ ಮಾತ್ರ ಹೋಗುವುದಿಲ್ಲ. ಅಮೆರಿಕದ ವೈದ್ಯ ಸ್ಕಾಟ್ ಸ್ಮಿತ್ 1940ರ ದಶಕದಲ್ಲಿ ಇದನ್ನು ತನ್ನ ಮೇಲೇ ಪ್ರಯೋಗಿಸಿಕೊಂಡ. ಬೆರಳು ಅಲುಗಿಸಲಾಗದಿದ್ದರೂ ಅವನಿಗೆ ಎಲ್ಲವೂ ಕೇಳುತ್ತಿತ್ತು, ನೋವೂ ತಿಳಿಯುತ್ತಿತ್ತು. ಕಾಶಿಯ ಮದ್ಯದ ಕೆಲಸಕ್ಕೆ ಬೇರೆ ಔಷಧವೇ ಬೇಕು.

ಈ ಕಥೆಗೆ ಭಾರತದ ಎಳೆಯೂ ಒಂದಿದೆ. ಸುಶ್ರುತನ ಔಷಧಗಣಗಳಲ್ಲಿ ಬರುವ ಪಾಠಾ ಬಳ್ಳಿ ಮತ್ತು ಕ್ಯುರಾರೆಯ ಬಳ್ಳಿ, ಎರಡೂ ಅಮೃತಬಳ್ಳಿಯ ಕುಟುಂಬದವು. 1950ರ ದಶಕದಲ್ಲಿ ಲಖನೌದ ವಿಜ್ಞಾನಿಗಳು ಪಾಠಾದಿಂದ ಹಯಾಟಿನ್ ಎಂಬ ಕ್ಷಾರವಸ್ತುವನ್ನು ಬೇರ್ಪಡಿಸಿದರು. ಅದನ್ನು ಮಾರ್ಪಡಿಸಿ ಮಾಡಿದ ಲವಣ ಕ್ಯುರಾರೆಯಂತೆಯೇ ಸ್ನಾಯುಗಳನ್ನು ಸಡಿಲಿಸಿತು.

ಹಾಗಾದರೆ ಸ್ನಾಯು ಸಡಿಲಿಸುವ ಮದ್ದು ಕಾಶಿಗೆ ಮೊದಲೇ ಗೊತ್ತಿತ್ತೇ? ಹೆಮ್ಮೆಗೆ ಒಳ್ಳೆಯ ಮಾತು, ಆದರೆ ನಿಲ್ಲುವುದಿಲ್ಲ. ಗ್ರಂಥದ ಪಾಠಾ ಬಾಯಿಂದ ಕುಡಿಯುವ ಮದ್ದು, ಭೇದಿಯಂಥ ಕಾಯಿಲೆಗೆ. ಕ್ಯುರಾರೆ ಜಾತಿಯ ವಸ್ತು ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ವಿಷದ ಬಾಣ ತಗುಲಿ ಸತ್ತ ಮಿಗದ ಮಾಂಸ ತಿಂದೂ ಅಮೆಜಾನಿನ ಬೇಟೆಗಾರ ಬದುಕುವುದು ಅದಕ್ಕೇ.