ಹಿಡುವಳಿಯ ಮರಗಳೂ ಸರ್ಕಾರದ ಧನಸಹಾಯವೂ: ಕರ್ನಾಟಕದ ಒಂದು ಚರಿತ್ರೆ

ತನ್ನ ಸ್ವಂತ ಹಿಡುವಳಿಯಲ್ಲಿ ಮರ ಬೆಳೆಸುವ ರೈತನಿಗೆ ಸರ್ಕಾರವು ಧನಸಹಾಯ ಮಾಡತಕ್ಕದ್ದೆಂಬ ವಿಚಾರವು ನಮ್ಮ ನಾಡಿನಲ್ಲಿ ಅರ್ವಾಚೀನವಾದುದು. ಅಂಥ ರೈತನ ಮರವು ಸರ್ಕಾರದ ಸ್ವತ್ತೆಂಬ ವಿಚಾರವಾದರೋ ಅದಕ್ಕಿಂತ ಬಹು ಪ್ರಾಚೀನವಾದುದು. 1792ರಲ್ಲಿ ಟೀಪೂ ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ, ಅದು ಅರಣ್ಯದಲ್ಲಿ ಹುಟ್ಟಿರಲಿ, ರೈತನ ಹೊಲದ ಬದುವಿನಲ್ಲಿ ಹುಟ್ಟಿರಲಿ, ಅದರ ಒಡೆತನವು ಪ್ರಭುತ್ವಕ್ಕೇ ಸಂದಿತು; ಮುಂದೆ ಒಡೆಯರ ಆಳ್ವಿಕೆಯಲ್ಲಿಯೂ, ತರುವಾಯದ ಪ್ರಜಾಸರ್ಕಾರದಲ್ಲಿಯೂ ಈ ನಿಯಮವು ಮುಂದುವರಿಯಿತು. ಕಾಲಕ್ರಮದಲ್ಲಿ ಮರದ ಬೆಲೆಯಲ್ಲೊಂದು ಅಂಶವನ್ನು ಭೂಮಿಯ ಒಡೆಯನಿಗೆ ಕೊಡುವ ಪದ್ಧತಿಯೂ ಬಂದಿತಾದರೂ, ಮರ ಕಳುವಾದಲ್ಲಿ ವಿಚಾರಣೆಯು ತನ್ನ ಮನೆಯ ಬಾಗಿಲಿಗೇ ಬರುವುದೆಂಬ ಭೀತಿಯಿಂದ, ತಾನಾಗಿ ಹುಟ್ಟಿದ ಗಂಧದ ಸಸಿಯನ್ನು ರೈತನು ಎಳೆಯದಾಗಿರುವಾಗಲೇ ಕಿತ್ತು ಎಸೆಯುತ್ತಿದ್ದನು. ಹಕ್ಕಿಲ್ಲದೆಡೆಯಲ್ಲಿ ಕೊಡುವ ಹಣಕ್ಕೆ ಎಷ್ಟು ಬಲವಿದ್ದೀತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ.

ಬ್ರಿಟಿಷರ ನೇರ ಆಡಳಿತಕ್ಕೆ ಒಳಪಟ್ಟಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳ ಸೀಮೆಯಲ್ಲಿ 1883ರ ಭೂಸುಧಾರಣಾ ಸಾಲಗಳ ಕಾಯಿದೆಯ ಮೇರೆಗೆ ತಗಾವಿ ದೊರೆಯುತ್ತಿತ್ತು. ಆದರೆ ಬಾವಿ ತೋಡುವುದಕ್ಕೂ ಒಡ್ಡು ಹಾಕುವುದಕ್ಕೂ ಒಪ್ಪುವ ಸಾಲದ ಕ್ರಮವು ಮರಕ್ಕೆ ಒಗ್ಗದು. ಸಾಲದ ಕಂತು ವರ್ಷವರ್ಷವೂ ಬರುವುದು, ತೇಗದ ಫಲವು ಒಂದು ತಲೆಮಾರು ಕಳೆದ ಮೇಲೆ ಬರುವುದು. 1950ರಲ್ಲಿ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವವು ಉತ್ಸಾಹವನ್ನು ಹುಟ್ಟಿಸಿತೇ ಹೊರತು ರೈತನ ಈ ಕಷ್ಟವನ್ನು ಮುಟ್ಟಲಿಲ್ಲ.

ನಿಜವಾದ ತಿರುವು ಬಂದುದು ರಾಷ್ಟ್ರೀಯ ಕೃಷಿ ಆಯೋಗದಿಂದ. ಸೌದೆ, ಮೇವು, ಸಣ್ಣ ನಾಟಾ ಇವುಗಳನ್ನು ಹಳ್ಳಿಯ ಭೂಮಿಯಲ್ಲಿಯೇ ಬೆಳೆದುಕೊಂಡರೆ ಅರಣ್ಯದ ಮೇಲಿನ ಭಾರವು ಇಳಿಯುವುದೆಂಬ ‘ಸಾಮಾಜಿಕ ಅರಣ್ಯ’ದ ತತ್ತ್ವವನ್ನು ಅದು 1976ರ ತನ್ನ ವರದಿಯಲ್ಲಿ ಪ್ರತಿಪಾದಿಸಿತು. ಕರ್ನಾಟಕದಲ್ಲಿ 1983ರ ಸುಮಾರಿಗೆ ವಿಶ್ವಬ್ಯಾಂಕಿನ ಮತ್ತು ಬ್ರಿಟನ್ನಿನ ನೆರವಿನಿಂದ ಈ ಯೋಜನೆಯು ಆರಂಭವಾಯಿತು. ಸಹಾಯದ ಸ್ವರೂಪವು ಸರಳವಾಗಿದ್ದಿತು: ಇಲಾಖೆಯ ಸಸ್ಯಕ್ಷೇತ್ರದಲ್ಲಿ ಪಾಲಿಥಿನ್ ಚೀಲಗಳಲ್ಲಿ ಬೆಳೆಸಿದ ಸಸಿಗಳನ್ನು ಮುಂಗಾರಿನ ವೇಳೆಗೆ ರೈತರಿಗೆ ಹಂಚುವುದು. ಹಂಚಿದ ಸಸಿಗಳ ಲೆಕ್ಕವೇ ಯೋಜನೆಯ ಯಶಸ್ಸಿನ ಮಾನದಂಡವಾಯಿತು. ಗೋಮಾಳಗಳಲ್ಲಿ ಎದ್ದೇಳಬೇಕಾಗಿದ್ದ ಊರೊಟ್ಟಿನ ತೋಪುಗಳು ಹಿಂದೆ ಬಿದ್ದು, ಹಿಡುವಳಿದಾರರ ನೀಲಗಿರಿ ತೋಪುಗಳು ನಿರೀಕ್ಷೆಗೆ ಮೀರಿ ಹಬ್ಬಿದವು.

ಕೋಲಾರದ ರೈತನು ರಾಗಿಯ ಹೊಲದಲ್ಲಿ ನೀಲಗಿರಿಯನ್ನು ನೆಟ್ಟುದಕ್ಕೆ ಅವನನ್ನು ದೂಷಿಸುವುದು ಸುಲಭ. ಅವನ ಲೆಕ್ಕಾಚಾರವನ್ನು ತಿಳಿಯುವುದು ಅದಕ್ಕಿಂತ ಅವಶ್ಯಕ. ರಾಗಿಯು ಪ್ರತಿವರ್ಷವೂ ಉಳುಮೆ, ಕಳೆ, ಕೊಯ್ಲು, ಕಣಗಳ ಆಳುಗೆಲಸವನ್ನು ಬೇಡುವುದು, ಮಳೆ ಕೈಕೊಟ್ಟರೆ ಏನನ್ನೂ ಕೊಡದು. ನೀಲಗಿರಿಯನ್ನು ದನ ತಿನ್ನದು. ಒಮ್ಮೆ ಕಡಿದರೆ ಬುಡದಿಂದ ಮತ್ತೆ ಚಿಗುರುವುದು. ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯಂಥ ಗಿರಾಕಿ ಇದ್ದುದರಿಂದ ದಿಮ್ಮಿಗೆ ಬೆಲೆಯೂ ಇದ್ದಿತು. ಆದರೆ ಆಳುಗೆಲಸ ತಪ್ಪಿತೆಂದರೆ ಕೂಲಿಯೂ ತಪ್ಪಿತೆಂದೇ ಅರ್ಥ. ಜಮೀನಿಲ್ಲದವನಿಗೆ ಕೂಲಿ, ಊರಿಗೆ ರಾಗಿ, ದನಕ್ಕೆ ಹುಲ್ಲು, ಈ ಮೂರೂ ಒಟ್ಟಿಗೆ ಕುಂದಿದವು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಸಸ್ಯಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿ, ಆ ಜಾಗದಲ್ಲಿ ಹುಣಿಸೆ, ಮಾವುಗಳ ಬೀಜ ಬಿತ್ತಿದ ಪ್ರಸಂಗವನ್ನು ಮರಗಳ ಮೇಲಿನ ದ್ವೇಷವೆಂದು ಎಣಿಸಲಾಗದು. ಸರ್ಕಾರದ ಹಣವು ಯಾವ ಮರಕ್ಕೆ ಸಲ್ಲಬೇಕೆಂಬ ಪ್ರಶ್ನೆಯನ್ನು ಅವರು ಎಲ್ಲರಿಗಿಂತ ಮೊದಲು ಎತ್ತಿದರು. ನೀಲಗಿರಿಯ ಹೊಸ ನಾಟಿಯನ್ನು ಸರ್ಕಾರವೇ ನಿಷೇಧಿಸಿದುದು 2017ರಲ್ಲಿ.

2011-12ರಲ್ಲಿ ಜಾರಿಗೆ ಬಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ಧನಸಹಾಯದ ಅಳತೆಗೋಲನ್ನೇ ಬದಲಿಸಿತು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಗಣನೀಯವಾಗಿ ತೋರುವುದು ಇದೇ. ರೈತನು ಹೆಸರು ನೋಂದಾಯಿಸಿ ರಿಯಾಯಿತಿ ದರದಲ್ಲಿ ಸಸಿಗಳನ್ನು ಕೊಂಡು ನೆಡಬೇಕು. ವರ್ಷ ಕಳೆದ ಬಳಿಕ ಅರಣ್ಯ ಇಲಾಖೆಯವರು ಜಮೀನಿಗೆ ಬಂದು ಬದುಕಿರುವ ಗಿಡಗಳನ್ನು ಎಣಿಸುವರು. ಎಣಿಕೆಗೆ ಸಿಕ್ಕಿದಷ್ಟಕ್ಕೆ ಮಾತ್ರ ಹಣ. ಆರಂಭದಲ್ಲಿ ಗಿಡವೊಂದಕ್ಕೆ ಮೂರು ವರ್ಷಗಳಲ್ಲಿ ಕ್ರಮವಾಗಿ 10, 15, 20 ರೂಪಾಯಿಗಳಿದ್ದುದು ಅನಂತರ 35, 40, 50ಕ್ಕೆ, ಅಂದರೆ ಒಟ್ಟು 125 ರೂಪಾಯಿಗಳಿಗೆ ಏರಿತು. ಹಿಂದೆ ಸಸಿಯು ರೈತನ ಕೈಸೇರಿದೊಡನೆ ಇಲಾಖೆಯ ಕರ್ತವ್ಯವು ತೀರುತ್ತಿತ್ತು. ಈಗಲಾದರೋ ಮೂರು ಬೇಸಗೆಗಳಲ್ಲಿ ನೀರು ಹೊತ್ತವನ, ದನಕರುಗಳಿಂದ ಗಿಡವನ್ನು ಕಾದವನ ಶ್ರಮಕ್ಕೆ ಬೆಲೆ ಬಂದಿತು.

ಆದರೂ ಕಾಯಿದೆಯ ಕೈ ಒಂದು ಕಡೆಗೂ ಬೊಕ್ಕಸದ ಕೈ ಇನ್ನೊಂದು ಕಡೆಗೂ ಎಳೆಯುತ್ತಿದ್ದುದು ಇಲ್ಲಿಯೂ ತಪ್ಪಲಿಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯಿದೆಯ ಮೇರೆಗೆ ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ ಅಪ್ಪಣೆ ಬೇಕು. ವಿನಾಯಿತಿ ಪಡೆದಿರುವ ಜಾತಿಗಳಲ್ಲಿ ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್, ತೆಂಗು ಸೇರಿವೆ. ಪ್ರೋತ್ಸಾಹಧನವು ಯಾವ ಜಾತಿಗಳಿಗೆ ಸಲ್ಲದೆಂದು ನೋಡಿದರೆ ಅಲ್ಲಿಯೂ ಈ ಹೆಸರುಗಳೇ ಕಾಣುವುವು. ಎಂದ ಮೇಲೆ, ಅಡೆತಡೆಯಿಲ್ಲದೆ ಕಡಿಯಬಹುದಾದ ಮರಕ್ಕೆ ಹಣವಿಲ್ಲ; ಹಣ ದೊರೆಯುವ ಹೊನ್ನೆ, ತೇಗಗಳನ್ನು ಬೆಳೆಸಿದವನು ಕಡಿಯುವ ದಿನ ಅರ್ಜಿ ಹಿಡಿದು ಕಚೇರಿಯ ಮುಂದೆ ನಿಲ್ಲಬೇಕು. ಮೂರು ವರ್ಷದ 125 ರೂಪಾಯಿಗಳಿಗಿಂತ ಇಪ್ಪತ್ತೈದನೆಯ ವರ್ಷದ ಆ ಅರ್ಜಿಯೇ ಅವನ ಮನಸ್ಸಿನಲ್ಲಿ ಹೆಚ್ಚು ತೂಗಿದರೆ ಆಶ್ಚರ್ಯವಿಲ್ಲ.

ಶ್ರೀಗಂಧದ ವಿಷಯದಲ್ಲಿ ಈ ಗಂಟು ಸಡಿಲಗೊಂಡುದು ಅರಣ್ಯ ಕಾಯಿದೆಯ 2001ರ ತಿದ್ದುಪಡಿಯಿಂದ. ಅಂದಿನಿಂದ ಹಿಡುವಳಿದಾರನೇ ತನ್ನ ಗಂಧದ ಮರದ ಒಡೆಯನು. ಒಂದು ಕಾಲಕ್ಕೆ ಸಸಿಯನ್ನು ಕಿತ್ತೆಸೆಯುತ್ತಿದ್ದ ರೈತವರ್ಗದವರೇ ಅದನ್ನು ಹಣ ಕೊಟ್ಟು ಕೊಂಡು, ಜಮೀನಿನ ಸುತ್ತ ಬೇಲಿ ಕಟ್ಟಿ ಬೆಳೆಸುವಂತಾಯಿತು. ಇತರ ಮರಗಳ ವಿಷಯದಲ್ಲಿ 2014ರ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯು ಕಡಿತ, ಸಾಗಾಣಿಕೆಗಳ ನಿಯಮಗಳನ್ನು ಸರಳಗೊಳಿಸಬೇಕೆಂದು ಸೂಚಿಸಿತು. 2016-17ರಲ್ಲಿ ಕೇಂದ್ರವು ಆರಂಭಿಸಿದ ಕೃಷಿ ಅರಣ್ಯ ಉಪ ಅಭಿಯಾನವಾದರೋ, ಆಯ್ದ ಜಾತಿಗಳಿಗೆ ಸಾಗಾಣಿಕೆಯ ನಿಯಮವನ್ನು ಸಡಿಲಿಸಿದ ರಾಜ್ಯಗಳಿಗೆ ಮಾತ್ರವೇ ತನ್ನ ಹಣವು ಸಲ್ಲುವುದೆಂದು ಷರತ್ತು ವಿಧಿಸಿತು.