ಹಿಂಗಾಲಿಯ ಕೀಲು: ಎರೆನೆಲದಲ್ಲಿ ಶಾಕಪ್ ಸೈಕಲ್ಲಿನ ಬೇರಿಂಗ್ ಬದಲಿಸುವ ಬಗೆ

ಮಳೆ ಬಿದ್ದ ಮರುದಿನ ಎರೆಹೊಲದ ದಾರಿಯಲ್ಲಿ ಸೈಕಲ್ ತಳ್ಳಿದವರಿಗೆ ಇದು ಗೊತ್ತಿರುತ್ತದೆ: ಹತ್ತು ಮಾರು ಹೋಗುವುದರೊಳಗೆ ಮಣ್ಣು ಮಡ್‌ಗಾರ್ಡಿನಲ್ಲಿ ಮೆತ್ತಿ ಗಾಲಿ ನಿಂತುಬಿಡುತ್ತದೆ. ಕಡ್ಡಿಯಿಂದ ಕೆರೆದು ತೆಗೆದರೆ ಗಾಲಿ ತಿರುಗುತ್ತದೆ. ಆದರೆ ಕಡ್ಡಿ ತಲುಪದ ಒಂದು ಜಾಗಕ್ಕೂ ಅದೇ ಮಣ್ಣು ಹೊಕ್ಕಿರುತ್ತದೆ. ಹಿಂದೆ ಶಾಕಪ್ ಇರುವ ಸೈಕಲ್ಲುಗಳಲ್ಲಿ ಅದು ಹಿಂಗಾಲಿಯನ್ನು ಮೇಲೆ ಕೆಳಗೆ ಆಡಿಸುವ ಕೀಲು.

ಇಂಥ ಎರೆನೆಲದ ಸಂತೆಕಲ್ಲೂರು ಇಂದು ಮಸ್ಕಿ ತಾಲ್ಲೂಕಿನಲ್ಲಿದೆ, ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿತ್ತು. ಈ ಊರಿನ ಘನಮಠ ಶಿವಯೋಗಿಗಳು 19ನೇ ಶತಮಾನದಲ್ಲಿ ಒಕ್ಕಲುತನದ ತಿಳಿವಳಿಕೆಯನ್ನು ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಪುಸ್ತಕವಾಗಿ ಬರೆದಿಟ್ಟರು. ಕೈಕೆಲಸದ ತಿಳಿವಳಿಕೆ ಬರವಣಿಗೆಗೆ ಇಳಿಯಬೇಕೆಂಬುದಕ್ಕೆ ಇದಕ್ಕಿಂತ ಹತ್ತಿರದ ಮಾದರಿ ನನಗೆ ಕಾಣದು.

ಕೀಲು ಎಲ್ಲಿರುತ್ತದೆ

ಸಾದಾ ಸೈಕಲ್ಲಿನ ಚೌಕಟ್ಟು ಒಂದೇ ತುಂಡು. ಹಿಂದೆ ಶಾಕಪ್ ಇರುವುದರಲ್ಲಿ ಚೌಕಟ್ಟು ಎರಡಾಗಿ, ಪೆಡಲಿನ ಅಚ್ಚಿನ ಹತ್ತಿರ ಒಂದು ಬೋಲ್ಟಿನಿಂದ ಕೂಡಿಕೊಳ್ಳುತ್ತದೆ. ಊರಿನ ಹುಡುಗರು ಓಡಿಸುವ ಕಡಿಮೆ ಬೆಲೆಯ ‘ಡಬಲ್ ಶಾಕಪ್’ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಒಂದೇ ಕೀಲು, ಅದರೊಳಗೆ ನೈಲಾನಿನ ಇಲ್ಲವೇ ಉಕ್ಕಿನ ಬುಷ್ ಇರುತ್ತದೆ. ಗುಡ್ಡಗಾಡಿನ ಓಟಕ್ಕೆಂದೇ ಮಾಡಿದ ದುಬಾರಿ ಸೈಕಲ್ಲುಗಳಲ್ಲಿ ಇಂಥ ಕೀಲುಗಳು ನಾಲ್ಕು ಜೊತೆಯವರೆಗೂ ಇರಬಹುದು, ಪ್ರತಿಯೊಂದರಲ್ಲೂ ಸೀಲ್ ಮಾಡಿದ ಬಾಲ್ ಬೇರಿಂಗ್.

ತಿರುಗದೆ ಸವೆಯುವ ಬೇರಿಂಗ್

ಬಾಲ್ ಬೇರಿಂಗಿಗೂ ಸೈಕಲ್ಲಿಗೂ ನಂಟು ಹಳೆಯದು. ಪ್ಯಾರಿಸ್ಸಿನ ಸೈಕಲ್ ಮೆಕ್ಯಾನಿಕ್ ಜೂಲ್ ಸುರಿರೇ 1869ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದೇ ವರ್ಷದ ನವೆಂಬರಿನಲ್ಲಿ ಪ್ಯಾರಿಸ್‌ನಿಂದ ರೂಆಂವರೆಗಿನ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದದ್ದು ಇಂಥ ಬೇರಿಂಗ್ ಇದ್ದ ಸೈಕಲ್ ತುಳಿದು. ಅಂದಿನಿಂದ ಬೇರಿಂಗ್ ಎಂದರೆ ಸುತ್ತುವ ಗಾಲಿಯದು. ಗಾಲಿ ಸುತ್ತಿದಂತೆಲ್ಲ ಒಳಗಿನ ಗುಂಡುಗಳು ಉರುಳಿ ಗ್ರೀಸನ್ನು ಸುತ್ತಲೂ ಸವರಿಕೊಂಡು ಬರುತ್ತವೆ.

ಕೀಲಿನ ಬೇರಿಂಗಿಗೆ ಆ ಭಾಗ್ಯವಿಲ್ಲ. ಅದು ಎಂದೂ ಒಂದು ಸುತ್ತು ಪೂರೈಸುವುದಿಲ್ಲ. ತಗ್ಗಿಗೆ ಬಿದ್ದಾಗ ಕೆಲವೇ ಡಿಗ್ರಿ ಹೊರಳಿ ಮತ್ತೆ ಅಲ್ಲಿಗೇ ಬರುತ್ತದೆ. ಸವಾರನ ಭಾರವೆಲ್ಲ ಅವೇ ನಾಲ್ಕಾರು ಗುಂಡುಗಳ ಮೇಲೆ, ಅವೇ ಚುಕ್ಕೆಗಳ ಮೇಲೆ. ಗ್ರೀಸ್ ಅಲ್ಲಿಂದ ಪಕ್ಕಕ್ಕೆ ಸರಿದರೆ ಮರಳಿ ಬರದು. ಉಕ್ಕಿಗೆ ಉಕ್ಕು ತಾಗಿ ಬೇರಿಂಗಿನ ಬಳೆಯಲ್ಲಿ ಸಣ್ಣ ಸಣ್ಣ ಕುಳಿಗಳು ಬೀಳುತ್ತವೆ. ಆಮೇಲೆ ಕೈಯಿಂದ ಆಡಿಸಿದರೆ ಕೀಲು ಒಂದೊಂದು ಕುಳಿಯಲ್ಲೂ ತಡೆದು ತಡೆದು ಹೊರಳುತ್ತದೆ.

ಇದಕ್ಕೆ ಎರೆಮಣ್ಣು ಸೇರಿದರೆ ಹಾನಿ ಬೇಗ. ನೀರು ಕುಡಿದು ಉಬ್ಬಿ, ಒಣಗಿ ಬಿರಿಯುವ ಜೇಡಿ ಅದು. ಅದರ ಕಣ ಮರಳಿನ ಕಣಕ್ಕಿಂತ ಎಷ್ಟೋ ಪಟ್ಟು ಸಣ್ಣದು. ಮರಳನ್ನು ತಡೆಯುವ ರಬ್ಬರ್ ಸೀಲಿನ ಅಂಚಿನಲ್ಲಿ ಈ ಕೆಸರು ನೀರಿನ ಜೊತೆ ನುಸುಳುತ್ತದೆ. ವಾಟರ್ ಸರ್ವಿಸ್ ಅಂಗಡಿಯ ಪೈಪಿನ ರಭಸವನ್ನು ಕೀಲಿಗೆ ನೇರವಾಗಿ ಹಿಡಿಸುವುದು ಕೆಸರನ್ನು ಒಳಗೆ ತಳ್ಳಿದಂತೆ. ದಯವಿಟ್ಟು ಹಾಗೆ ಮಾಡಬೇಡಿ. ಬಕೆಟ್ ನೀರು, ಒಂದು ಬಟ್ಟೆ, ಒಂದು ಬ್ರಷ್ ಸಾಕು.

ಕೆಟ್ಟದ್ದನ್ನು ಗುರುತಿಸುವುದು

ಸೀಟು ಹಿಡಿದು ಮೆಲ್ಲಗೆ ಎತ್ತಿ ಇಳಿಸಿ. ಟಕ್ ಎಂದರೆ ಎಲ್ಲೋ ಸಡಿಲಿದೆ. ಆದರೆ ತಪ್ಪು ಕೀಲಿನದೇ ಇರಬೇಕಿಲ್ಲ. ಗಾಲಿಯ ಬೇರಿಂಗ್ ಅಥವಾ ಶಾಕಪ್‌ನ ಬುಷ್ ಸವೆದರೂ ಇದೇ ಸದ್ದು. ಆದ್ದರಿಂದ ಗಾಲಿ ಬಿಚ್ಚಿ, ಶಾಕಪ್‌ನ ಒಂದು ಬೋಲ್ಟ್ ತೆಗೆದು, ಹಿಂದಿನ ಭಾಗವನ್ನಷ್ಟೇ ಕೈಯಲ್ಲಿ ಆಡಿಸಿ. ಅಡ್ಡಕ್ಕೆ ಅಲ್ಲಾಡಿದರೆ, ಕರಕರ ಎಂದರೆ ಅಥವಾ ತಡೆದು ಹೊರಳಿದರೆ ಕೀಲು ಬಿಚ್ಚಬೇಕು.

ಬಿಚ್ಚಿದ ಮೇಲೆ ಗುಂಡುಸೂಜಿಯಿಂದ ಸೀಲ್ ಎಬ್ಬಿಸಿ ನೋಡಿ. ಗುಂಡುಗಳು ಹೊಳೆಯುತ್ತಿದ್ದು ಗ್ರೀಸ್ ಮಾತ್ರ ಒಣಗಿದ್ದರೆ ತೊಳೆದು, ಹೊಸ ಗ್ರೀಸ್ ತುಂಬಿ ಮತ್ತೆ ಬಳಸಬಹುದು. ಕೆಂಪು ತುಕ್ಕು ಕಂಡರೆ ಬೇರಿಂಗ್ ಬದಲಿಸಲೇಬೇಕು.

ನಂಬರು ಓದುವುದು

ಬೇರಿಂಗಿನ ಸೀಲ್ ಅಥವಾ ಬಳೆಯ ಮೇಲೆ 6902 2ಆರ್‌ಎಸ್ ಎಂಬಂತೆ ನಂಬರು ಇರುತ್ತದೆ. ಕೊನೆಯ ಎರಡು ಅಂಕಿ ಒಳರಂಧ್ರದ ಅಳತೆ: 00 ಎಂದರೆ 10 ಮಿ.ಮೀ., 01 ಎಂದರೆ 12, 02 ಎಂದರೆ 15, 03 ಎಂದರೆ 17. 04ರಿಂದ ಮುಂದೆ ಐದರಿಂದ ಗುಣಿಸಿದರಾಯಿತು. 2ಆರ್‌ಎಸ್ ಎಂದರೆ ಎರಡೂ ಕಡೆ ರಬ್ಬರ್ ಸೀಲ್.

ಎಡವುವುದು ಎರಡನೇ ಅಂಕಿಯಲ್ಲಿ. ಸೀಲಿಂಗ್ ಫ್ಯಾನಿಗೆ ಹಾಕುವ 6202 ಎಲ್ಲ ಕಡೆ ಸಿಗುತ್ತದೆ; ಅದರ ಒಳರಂಧ್ರವೂ 15 ಮಿ.ಮೀ. ಆದರೆ ಹೊರಗಳತೆ 35, ದಪ್ಪ 11. ಸೈಕಲ್ಲಿಗೆ ಬೇಕಾದ 6902ರ ಹೊರಗಳತೆ 28, ದಪ್ಪ 7. ಒಂದರ ಬದಲು ಇನ್ನೊಂದು ಕೂರುವುದಿಲ್ಲ. ನಂಬರು ಅಳಿಸಿದ್ದರೆ ವರ್ನಿಯರ್‌ನಿಂದ ಮೂರೂ ಅಳತೆ ಹಿಡಿದು ಬರೆದುಕೊಂಡು ಅಂಗಡಿಗೆ ಹೋಗಿ.

ಕೀಲಿಗೆಂದೇ ಗುಂಡುಗಳ ನಡುವಿನ ಪಂಜರ ತೆಗೆದು, ಆ ಜಾಗಕ್ಕೂ ಗುಂಡು ತುಂಬಿದ ಬೇರಿಂಗ್ ಬರುತ್ತದೆ. ವೇಗದ ಗಾಲಿಗೆ ಅದು ಒಗ್ಗದು. ಭಾರ ಹೊತ್ತು ಕೊಂಚವೇ ಹೊರಳುವ ಕೀಲಿಗೆ ಅದೇ ಸರಿ.

ತೆಗೆಯುವುದು, ಕೂರಿಸುವುದು

ಬೋಲ್ಟ್, ವಾಷರ್, ಎಡ ಬಲ ಬೇರಿಂಗುಗಳ ನಡುವಿನ ಕೊಳವೆ ಯಾವ ಸಾಲಿನಲ್ಲಿವೆ ಎಂದು ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಹಿಂದಿನಿಂದ ದಾರಿಯಿದ್ದರೆ ಸರಿಯಳತೆಯ ಸಾಕೆಟ್ ಇಟ್ಟು ಬೇರಿಂಗನ್ನು ನೇರವಾಗಿ ತಳ್ಳಿ. ದಾರಿಯಿಲ್ಲದ ಕುರುಡು ರಂಧ್ರವಾದರೆ ಒಳಗೆ ಅರಳಿ ಹಿಡಿಯುವ ಪುಲ್ಲರ್ ಬೇಕು. ಒಂದೇ ಮಗ್ಗುಲಿಗೆ ಸುತ್ತಿಗೆ ಏಟು ಬಿದ್ದರೆ ಬಳೆ ವಾಲಿ ಅಲ್ಯೂಮಿನಿಯಂ ರಂಧ್ರವನ್ನು ಗೀರುತ್ತದೆ. ಬೇರಿಂಗ್ ಹೊಸದು ಸಿಗುತ್ತದೆ, ಚೌಕಟ್ಟು ಸಿಗುವುದಿಲ್ಲ.

ಬಿಸಿಯಾದರೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 28 ಮಿ.ಮೀ. ರಂಧ್ರಕ್ಕೆ 40 ಡಿಗ್ರಿ ಹೆಚ್ಚು ಬಿಸಿ ತಾಗಿದರೆ ಸುಮಾರು 0.025 ಮಿ.ಮೀ. ಅಗಲವಾಗುತ್ತದೆ, ಬಿಗಿಯಾದ ಬೇರಿಂಗಿಗೆ ಅಷ್ಟೇ ದೊಡ್ಡ ಸಹಾಯ. ಚೌಕಟ್ಟಿನ ಆ ಭಾಗಕ್ಕೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಹೊಸ ಬೇರಿಂಗನ್ನು ಫ್ರಿಜ್ಜಿನಲ್ಲಿಟ್ಟು ಕೂರಿಸಿದರೆ ಕೆಲಸ ಹಗುರ. ಬೆಂಕಿ ಹಿಡಿಯಬಾರದು.

ಕೂರಿಸಲು ಸುತ್ತಿಗೆ ಬೇಡವೇ ಬೇಡ. ಉದ್ದನೆಯ ಬೋಲ್ಟು, ನಟ್ಟು, ಎರಡು ದಪ್ಪ ವಾಷರ್ ಸಾಕು. ರಂಧ್ರವನ್ನು ಒರೆಸಿ, ತೆಳ್ಳಗೆ ಗ್ರೀಸ್ ಸವರಿ, ಪಾನಾದಿಂದ ಸುತ್ತು ಸುತ್ತಾಗಿ ಬಿಗಿಯುತ್ತ ಬೇರಿಂಗನ್ನು ಒಳಗೆ ಎಳೆದುಕೊಳ್ಳಿ. ಒತ್ತಡ ಹೊರಬಳೆಯ ಮೇಲೆ ಮಾತ್ರ ಬೀಳಬೇಕು. ಒಳಬಳೆಯನ್ನು ಒತ್ತಿದರೆ ಆ ಬಲ ಗುಂಡುಗಳ ಮೂಲಕ ಹಾದು, ಹೊಸ ಬೇರಿಂಗ್ ಮೊದಲ ದಿನವೇ ಕುಳಿ ಬಿದ್ದು ಕೆಡುತ್ತದೆ. ಎಡ, ಬಲ ಒಂದೊಂದಾಗಿ ಕೂರಿಸಿ. ನಡುವಿನ ಕೊಳವೆ ಮರೆತರೆ ಮತ್ತೆಲ್ಲ ಬಿಚ್ಚಬೇಕಾಗುತ್ತದೆ.

ಎತ್ತಿನ ಬಂಡಿಯ ಅಚ್ಚಿಗೆ ಕೀಲೆಣ್ಣೆಯನ್ನು ಹಿರಿಯರು ಧಾರಾಳವಾಗಿ ಹಾಕುತ್ತಿದ್ದರು. ಇಲ್ಲಿಯೂ ಹಾಗೆಯೇ ಇರಲಿ. ವೇಗವಾಗಿ ಸುತ್ತುವ ಬೇರಿಂಗಿಗೆ ತುಂಬಾ ಗ್ರೀಸ್ ಬೇಡ, ಆದರೆ ಕೀಲಿನದಕ್ಕೆ ಪೂರ್ತಿ ತುಂಬಬಹುದು. ತುಂಬಿದ ಗ್ರೀಸೇ ಕೆಸರಿಗೆ ಅಡ್ಡಗಟ್ಟೆ. ಬೋಲ್ಟಿನ ಎಳೆಗೆ ಎರಡು ಹನಿ ಥ್ರೆಡ್‌ಲಾಕರ್ ಹಾಕಿ, ತಯಾರಕರು ಹೇಳಿದಷ್ಟೇ ಬಿಗಿ ಕೊಡಿ. ಆ ಅಂಕಿ ಎಷ್ಟೋ ಸಲ ಬೋಲ್ಟಿನ ತಲೆಯ ಮೇಲೆಯೇ ಇರುತ್ತದೆ.

ಬುಷ್ ಇರುವವರಿಗೆ

ನೈಲಾನ್ ಬುಷ್ ಸವೆದಿದ್ದರೆ ಹಳೆಯದನ್ನು ಲೇತ್ ಅಂಗಡಿಗೆ ಒಯ್ದು ಅದೇ ಅಳತೆಗೆ ನೈಲಾನ್ ಅಥವಾ ಹಿತ್ತಾಳೆಯಲ್ಲಿ ಕಡೆಸಿಕೊಳ್ಳಬಹುದು. ಒತ್ತಿ ಕೂರಿಸುವ ಕ್ರಮ ಮೇಲಿನದೇ.

ಮೋಟಾರ್ ಸೈಕಲ್ಲಿನ ಸ್ವಿಂಗ್ ಆರ್ಮ್ ಕೂಡ ಇದೇ ಜಾತಿಯ ಕೀಲು, ಆದರೆ ಹಲವು ಬೈಕುಗಳಲ್ಲಿ ಅಲ್ಲಿರುವುದು ರಬ್ಬರ್ ಬುಷ್. ಅದು ಉರುಳುವುದಿಲ್ಲ, ರಬ್ಬರೇ ತಿರುಚಿಕೊಳ್ಳುತ್ತದೆ. ಆದ್ದರಿಂದ ಅದಕ್ಕೆ ಎಣ್ಣೆ, ಗ್ರೀಸ್ ಹಾಕಬಾರದು. ನಟ್ಟನ್ನು ಕೊನೆಯದಾಗಿ ಬಿಗಿಯುವಾಗ ಗಾಲಿ ನೆಲದ ಮೇಲಿದ್ದು ಭಾರ ಹೊತ್ತಿರಬೇಕು. ಎತ್ತಿ ನಿಲ್ಲಿಸಿ ಬಿಗಿದರೆ ಇಳಿಸಿದ ಕೂಡಲೇ ರಬ್ಬರ್ ತಿರುಚಿ ನಿಲ್ಲುತ್ತದೆ, ಬೇಗ ಹರಿಯುತ್ತದೆ.

ಬಿಚ್ಚಿದ ಹಳೆಯ ಬೇರಿಂಗ್ ಎಸೆಯಬೇಡಿ. ಅದರ ಹೊರಬಳೆಯನ್ನು ಕಲ್ಲಿಗೆ ಉಜ್ಜಿ ಕೂದಲೆಳೆಯಷ್ಟು ಸಣ್ಣದು ಮಾಡಿಟ್ಟುಕೊಂಡರೆ, ಮುಂದಿನ ಸಲ ಹೊಸದನ್ನು ಒತ್ತಲು ಸರಿಯಳತೆಯ ಅಚ್ಚು ಅದೇ ಆಗುತ್ತದೆ.